ಹಲ್ಲು ಬೇಯಿಸುವ ಶಿವಲೀಲಾ

ಶಿವಲೀಲಾ ಅವರಿಗೆ ಸಿಟ್ಟು ಬರಲು ಕನಿಷ್ಠ ಅರ್ಧ ದಿನ ಬೇಕು. ಬೆಳಿಗ್ಗೆ ಆದ ಅವಮಾನಕ್ಕೆ ಅವರ ಮುಖ ಕೆಂಪೇರುವ ಹೊತ್ತಿಗೆ, ಅವಮಾನಿಸಿದವನು ಊಟ ಮಾಡಿ, ನಿದ್ದೆ ತೆಗೆದು, ಆ ಸಂಗತಿಯನ್ನೇ ಮರೆತು, ಎದುರು ಸಿಕ್ಕರೆ ಕುಶಲ ವಿಚಾರಿಸುವ ಪ್ರಸನ್ನ ಸ್ಥಿತಿಯಲ್ಲಿರುತ್ತಾನೆ.

ಚನ್ನಗಿರಿಯಲ್ಲಿ ಹಲ್ಲಿನ ದವಾಖಾನೆ ಇಟ್ಟುಕೊಂಡಿರುವ ನಾನು ಜನರ ಬಾಯಿಯ ಅಳತೆ ತೆಗೆದು ಕಳಿಸುತ್ತೇನೆ. ಪಕ್ಕದ ಓಣಿಯ ಲ್ಯಾಬಿನಲ್ಲಿ ಅದಕ್ಕೊಪ್ಪುವ ಕೃತಕ ಹಲ್ಲು ಮಾಡಿಕೊಡುವವರು ಅವರು. ಮೇಣದ ಕಲೆಗಳಿಂದ ಚಿತ್ರವಿಚಿತ್ರವಾದ ಬಿಳಿ ಕೋಟನ್ನು ಸಂತೆಗೂ ತೊಟ್ಟು ಹೋಗುತ್ತಾರೆ. ನಾಲ್ಕು ಹೆಜ್ಜೆ ನಡೆದು, ನೆಲವನ್ನು ಖಾತ್ರಿಪಡಿಸಿಕೊಂಡವರಂತೆ ನಿಂತು, ಮತ್ತೆ ನಡೆಯುತ್ತಾರೆ. ‘ಊಟ ಆಯ್ತಾ?’ ಎಂದರೂ ತುಸು ಯೋಚಿಸಿಯೇ ‘ಆಗೈತೆ’ ಎನ್ನುತ್ತಾರೆ.

ಆ ಲ್ಯಾಬಿನ ಅಧಿದೇವತೆ ಒಂದು ವಿದ್ಯುತ್ ಕುಲುಮೆ. ಮೇಣದಲ್ಲಿ ಕೆತ್ತಿದ ಹಲ್ಲನ್ನು ಗಾರೆಯಂಥ ಅಚ್ಚಿನಲ್ಲಿ ಹುದುಗಿಸಿ ಕುಲುಮೆಯೊಳಗಿಟ್ಟರೆ, ಮೇಣ ಉರಿದುಹೋಗಿ, ಉಳಿದ ಟೊಳ್ಳಿಗೆ ಲೋಹ ಎರೆಯಬಹುದು. ಆಮೇಲೆ ಅದಕ್ಕೆ ಪಿಂಗಾಣಿಯ ಹೊದಿಕೆ. ಆದರೆ ಶಾಖ ಒಮ್ಮೆಲೇ ಏರಿದರೆ ಅಚ್ಚು ಬಿರಿಯುತ್ತದೆ. ಮೆಲ್ಲಗೆ ಏರಿ, ಒಂದು ಹಂತದಲ್ಲಿ ನಿಂತು, ಒಳಹೊರಗೆಲ್ಲ ಸಮನಾಗಿ ಕಾದ ಮೇಲೆ ಮತ್ತೆ ಏರಬೇಕು. ಈ ಕ್ರಮವನ್ನೆಲ್ಲ ಮೊದಲೇ ತುಂಬಿಸಿಟ್ಟ ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆ ಕುಲುಮೆಯ ಹಣೆಯ ಮೇಲೆ ಕೆಂಪು ಅಂಕಿಗಳನ್ನು ಮಿನುಗಿಸುತ್ತದೆ. ಕರೆಂಟು ಹೋಗಿ ಬಂದರೆ ನಿಂತಲ್ಲಿಂದಲೇ ಮುಂದುವರಿಯುವ ಸೌಲಭ್ಯವೂ ಅದರಲ್ಲಿದೆ. ಶಿವಲೀಲಾ ಅದನ್ನು ಎಂದೂ ಬಳಸಿದವರಲ್ಲ. ಮತ್ತೆ ಮೊದಲಿನಿಂದಲೇ ಶುರು.

“ಕಂಟ್ರೋಲರಿಗೆ ನೆನಪಿರತೈತೆ ಡಾಕ್ಟ್ರೇ, ಅಚ್ಚಿಗೆ ಇರಂಗಿಲ್ಲ.”

ಕಳೆದ ವರ್ಷ ನ್ಯಾಮತಿಯ ಬ್ಯಾಂಡ್‌ಸೆಟ್ಟಿನ ಜಂಪಣ್ಣ, ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಸುಟ್ಟ ಮೆಕ್ಕೆಜೋಳ ಕಚ್ಚಿ ಮೇಲಿನ ಮುಂದಿನ ಹಲ್ಲು ಮುರಿದುಕೊಂಡು ಬಂದ. ಕ್ಲಾರಿಯೋನೆಟ್ ಊದುವವನಿಗೆ ವಾದ್ಯದ ಬಾಯಿ ಊರುವುದೇ ಅಲ್ಲಿ. ನಾನು ಅಂಟಿಸಿದ ತಾತ್ಕಾಲಿಕ ಹಲ್ಲನ್ನು ವಾದ್ಯ ಮೊದಲ ಸ್ವರಕ್ಕೇ ಕಿತ್ತುಹಾಕಿತು. ಮರುದಿನವೇ ತ್ಯಾವಣಿಗೆಯಲ್ಲಿ ಅವನು ಊದಬೇಕಿದ್ದ ಮದುವೆ. ಹಲ್ಲು ಕೈಗೆ ಬರುವವರೆಗೆ ಕದಲುವುದಿಲ್ಲವೆಂದು ಜಂಪಣ್ಣ ಶಿವಲೀಲಾ ಅವರ ಕುಲುಮೆಯ ಮುಂದೆಯೇ ಕುಳಿತ. ಅಂಕಿ ಏರುವಷ್ಟು ಹೊತ್ತು ಸುಮ್ಮನಿದ್ದ. ಅದು ಒಂದೆಡೆ ನಿಂತದ್ದೇ ಚಡಪಡಿಸಿದ.

“ಮೇಡಮ್ಮೋರೆ, ಕೆಟ್ಟೋಗೈತೆ ನೋಡ್ರಿ!”

“ಕೆಟ್ಟಿಲ್ಲ. ನಿಂತೈತೆ.”

“ಯಾಕೆ ನಿಂತೈತೆ?”

“ನಿಲ್ಲಾಕೇ ಹೇಳೀನಿ.”

ಅವರು ಊಟಕ್ಕೆ ಎದ್ದು ಹೋದರು. ಜಂಪಣ್ಣ ಮೇಲ್ಮುಖದ ಬಾಣವಿದ್ದ ಗುಂಡಿಯನ್ನು ಒತ್ತಿ ಹಿಡಿದ. ಅಂಕಿ ಓಡತೊಡಗಿತು, ಅವನ ಮನಸ್ಸು ಅರಳಿತು, ಸ್ವಲ್ಪ ಹೊತ್ತಿಗೆ ಕುಲುಮೆಯೊಳಗೆ ‘ಟಪ್’ ಎಂದಿತು.

ಮರಳಿ ಬಂದ ಶಿವಲೀಲಾ ಬಿರಿದ ಅಚ್ಚನ್ನು ನೋಡಿ, ಒಂದು ಮಾತೂ ಆಡದೆ, ಮೇಣ ತೆಗೆದುಕೊಂಡು ಹೊಸ ಹಲ್ಲು ಕೆತ್ತಲು ಕುಳಿತರು. ಆ ಮೌನವನ್ನು ಜಂಪಣ್ಣ ಕ್ಷಮೆಯೆಂದು ಭಾವಿಸಿದ. “ದೇವ್ರಂಥೋರು ರೀ, ಏನೂ ಅನ್ಲಿಲ್ಲ” ಎಂದು ನನ್ನೆದುರು ಕಣ್ಣೊರೆಸಿಕೊಂಡು, ಹಲ್ಲಿಲ್ಲದೆಯೇ ಬಸ್ಸು ಹತ್ತಿದ.

ಮರುದಿನ ಬೆಳಿಗ್ಗೆ ಶಿವಲೀಲಾ ದವಾಖಾನೆಗೆ ಬಂದು ಕೋಟಿನ ಜೇಬಿನಿಂದ ಡಬ್ಬಿ ತೆಗೆದರು. ಮುಖ ನಿಗಿನಿಗಿ ಎನ್ನುತ್ತಿತ್ತು.

“ಹಲ್ಲು ಆಗೈತೆ. ತ್ಯಾವಣಿಗಿಗೆ ಹೋಗಾನ ಬರ್ರಿ ಡಾಕ್ಟ್ರೇ. ನಂಗೆ ಸಿಟ್ಟು ಬಂದೈತೆ.”

ಮದುವೆಮನೆಯಲ್ಲಿ, ಇನ್ನೂ ಎಲೆ ಹಾಕದ ಊಟದ ಬೆಂಚಿನ ಮೇಲೆ ಜಂಪಣ್ಣನನ್ನು ಕೂರಿಸಿ ನಾನು ಹಲ್ಲು ಅಂಟಿಸಿದೆ. ಹತ್ತಿಯುಂಡೆ ಕಚ್ಚಿಸಿ, ಅಂಟು ಗಟ್ಟಿಯಾಗುವವರೆಗೆ ಬಾಯಿ ಬಿಡಕೂಡದೆಂದೆ. ಶಿವಲೀಲಾ ಕಾದದ್ದು ಆ ಗಳಿಗೆಗೇ.

“ಅದೇನು ನಿಮ್ಮನೆ ರೇಡಿಯೋನಾ ಕಿವಿ ಹಿಂಡಾಕೆ? ನೀವು ಊದುವಾಗ ನಾನು ನಿಮ್ಮ ಪೀಪಿ ಮೇಲೆ ಬೆರಳಿಟ್ರೆ ಹೆಂಗಾಗತೈತೆ?”

ಕ್ಲಾರಿಯೋನೆಟ್ಟನ್ನು ಪೀಪಿ ಎಂದದ್ದಕ್ಕೆ ಜಂಪಣ್ಣ ಮೂಗಿನಲ್ಲೇ ಪ್ರತಿಭಟಿಸಿದ. ಅಷ್ಟರಲ್ಲಿ ಮಂಟಪದಿಂದ “ಗಟ್ಟಿಮೇಳ! ಗಟ್ಟಿಮೇಳ!” ಎಂಬ ಕೂಗು. ಛಂಗನೆ ಎದ್ದವನ ಹೆಗಲನ್ನು ಶಿವಲೀಲಾ ಅದುಮಿದರು.

“ಇನ್ನೂ ಆಗಿಲ್ಲ. ಕುಂದರ್ರಿ.”

ಅವನು ದೈನ್ಯದಿಂದ ನನ್ನನ್ನು ನೋಡಿದ. ನಾನು ಶಾಮಿಯಾನದ ಜಾಲರಿಯನ್ನು ನೋಡಿದೆ. ಡೋಲು, ತಾಳಗಳು ತಾವೇ ಮೊರೆದವು, ತಾಳಿ ಕಟ್ಟಾಯಿತು, ಅಕ್ಷತೆ ಬಿತ್ತು. ಕ್ಲಾರಿಯೋನೆಟ್ ಇಲ್ಲವೆಂಬುದನ್ನು ಒಬ್ಬರೂ ಗಮನಿಸಲಿಲ್ಲ. ಅಷ್ಟು ಬೈಗುಳಕ್ಕೂ ಬಾರದ ನೀರು ಆಗ ಜಂಪಣ್ಣನ ಕಣ್ಣಲ್ಲಿ ಬಂತು. ಶಿವಲೀಲಾ ಅದನ್ನು ಕಂಡರು. ಕೈ ತೆಗೆದು, ಹೊತ್ತು ನೋಡಿ, ಹತ್ತಿ ತೆಗೆಸಿದರು.

“ಈಗ ನುಡಸ್ರಿ. ನಾನು ಕೇಳಾಕೆ ಕುಂತೀನಿ.”

ಸದಾ ಸಿನಿಮಾ ಹಾಡುಗಳನ್ನು ಅಟ್ಟಿಸಿಕೊಂಡು ಹೋಗುವಂತೆ ನುಡಿಸುತ್ತಿದ್ದ ಜಂಪಣ್ಣ, ಹೊಸ ಹಲ್ಲಿನ ಭಯಕ್ಕೆ, ಒಂದೊಂದೇ ಸ್ವರವನ್ನು ಎತ್ತಿ ಇಳುಹಿ ನುಡಿಸಿದ. ಊಟದ ಪಂಕ್ತಿಯಲ್ಲಿ ಹಲವರ ಕೈ ಬಾಯಿಯ ಹತ್ತಿರವೇ ನಿಂತಿತು. ಎಲ್ಲರೂ ಎದ್ದು ಕೈ ತೊಳೆದು ಬಂದರೂ ಶಿವಲೀಲಾ ಅವರ ಎಲೆಯಲ್ಲಿ ಹೋಳಿಗೆ ಹಾಗೆಯೇ ಇತ್ತು.

ಇಂಥವರು ನಮ್ಮ ಕಡೆ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರೊಡನೆ ಕೆಲಸ ಮಾಡುವುದು ಪ್ರಾಣಸಂಕಟ. ಅವರ ಬೆನ್ನ ಹಿಂದೆ ನಿಂತು ಗೊಣಗದವರಿಲ್ಲ. ಆದರೆ ಅವರು ಮಾಡಿಕೊಟ್ಟದ್ದನ್ನು ಬಳಸುತ್ತಾ ಬಳಸುತ್ತಾ, ಅದನ್ನು ಯಾರೋ ಮಾಡಿದ್ದೆಂಬುದೇ ನಮಗೆ ಮರೆತುಹೋಗುತ್ತದೆ. ಬಹುಶಃ ಅವರು ಬಯಸುವ ಸನ್ಮಾನವೂ ಅಷ್ಟೇ.