ಕವಳೆ ಎಲೆಯ ಸಾರ

ಎಣ್ಣೆ ಮೂಸುವ ದಿನ ಹತ್ತಿರವಾದಂತೆ ವಿಮಲಮ್ಮನಿಗೆ ಅನ್ನ ಸೇರದಾಯಿತು. ಬಸುರಿ. ಗಂಡನನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅವಳು ಕೆಲಸ ಮಾಡುವ ರಾಜಾಜಿನಗರದ ಎಣ್ಣೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಅವಳಿಗಿಂತ ಮೊದಲಿದ್ದ ಇಂದ್ರಮ್ಮನನ್ನು, ಬಸುರಿ ಅಂತ ಗೊತ್ತಾದ ವಾರವೇ ಮನೆಗೆ ಕಳಿಸಿದ್ದರು.

ಶ್ರೀಗಂಧದ ಕಾವಲಿನ ಮುಳ್ಳುಪೊದೆಗಳಲ್ಲಿ ತಾನಾಗಿ ಬೆಳೆಯುವ ಕವಳೆಯನ್ನು ಸುತ್ತಲ ಹಳ್ಳಿಯವರು ಮದ್ದಿಗೆ ಬಳಸುತ್ತಿದ್ದರು. ಗಾಳಿ ತಾಗಿ ಎಣ್ಣೆ ಕೆಡುವುದನ್ನು ತಡೆಯುವ ಸತ್ವ ಅದರ ಹಣ್ಣಿನಲ್ಲಿದೆಯೋ ಎಲೆಯಲ್ಲಿದೆಯೋ ನೋಡಬೇಕಿತ್ತು. ಮೇಲಧಿಕಾರಿ ರೇವಣಸಿದ್ದಪ್ಪ ಅದನ್ನು ಆ್ಯಂಟಿ-ಆಕ್ಸಿಡೆಂಟ್ ಅನ್ನುತ್ತಿದ್ದರು. ಕಡಲೆಕಾಯಿ ಎಣ್ಣೆಯ ಒಂದು ಸೀಸೆಗೆ ಹಣ್ಣಿನ ಸಾರ, ಒಂದಕ್ಕೆ ಎಲೆಯ ಸಾರ ಬೆರೆಸಿ, ಇನ್ನೊಂದಕ್ಕೆ ಏನೂ ಹಾಕದೆ ಬಿಸಿಯಲ್ಲಿಟ್ಟಿದ್ದರು. ಹಣ್ಣೇ ಗೆಲ್ಲುತ್ತದೆಂದು ಅವರು ಮಾಲೀಕರಿಗೆ ಆಗಲೇ ಮಾತು ಕೊಟ್ಟಾಗಿತ್ತು.

ರೇವಣಸಿದ್ದಪ್ಪ ಸೀಸೆಗಳ ಚೀಟಿ ಮರೆಮಾಡಿ ಮೇಜಿನ ಮೇಲಿಟ್ಟರು. "ಹೂಂ, ಮೂಸಿ."

ಮೊದಲ ಸೀಸೆ ಕಮಟು ಹೊಡೆಯಿತು. ವಾಕರಿಕೆ ಬಂತು, ನುಂಗಿಕೊಂಡಳು. ಎರಡನೆಯದು ಅಷ್ಟಿಲ್ಲದಿದ್ದರೂ ಕಮಟೇ. ಮೂರನೆಯದು ಈಗಷ್ಟೇ ಗಾಣದಿಂದ ಇಳಿದ ಹಾಗಿತ್ತು.

"ಇದು ಕೆಟ್ಟಿಲ್ಲ ಸಾರ್."

ಅವರು ಚೀಟಿ ತಿರುಗಿಸಿದರು. ಎಲೆ. ಮುಖ ಬಿಗಿಯಿತು. "ಸರಿಯಾಗಿ ನೋಡಿ. ಮೊದಲಿಂದ."

ಬೇಡವೆನ್ನಲು ಕಾರಣ ಹೇಳಬೇಕಲ್ಲ! ಮನಸ್ಸು ಗಟ್ಟಿಮಾಡಿಕೊಂಡು ಮೊದಲ ಸೀಸೆಗೆ ಬಾಗಿದಳು. ತೊಟ್ಟಿಯತ್ತ ಓಡಿ ವಾಂತಿ ಮಾಡಿಕೊಂಡಳು.

"ತಿಂದಿದ್ದು ಸೇರಲಿಲ್ವಾ?" ಎಂದರು ರೇವಣಸಿದ್ದಪ್ಪ.

ಹೂಂ ಅಂದಿದ್ದರೆ ಆಗುತ್ತಿತ್ತು. ಆದರೆ ಇನ್ನೊಂದು ವಾರಕ್ಕೆ ಮತ್ತೆ ಮೂಸಬೇಕು, ಮತ್ತೆ ಮುಚ್ಚಿಡಬೇಕು. ಸಾಕಾಗಿತ್ತು.

"ಬಸುರಿ ಸಾರ್."

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. "ಮಾಲೀಕರು ಏನಂತಾರೆ ಗೊತ್ತಾ? ಬಸುರಿ ಮೂಗು ನಂಬಕ್ಕಾಗಲ್ಲ ಅಂತಾರೆ. ನೀವೂ ಹೋಗ್ತೀರಿ, ಎಲೆನೂ ಹೋಗುತ್ತೆ."

"ಮೂಗು ಬಿಡಿ ಸಾರ್. ಟೈಟ್ರೇಷನ್ ಮಾಡ್ತೀನಿ, ನೀವೇ ನಿಂತು ನೋಡಿ."

ಅಳತೆಯ ಕೊಳವೆಯಿಂದ ಹನಿಹನಿಯಾಗಿ ದ್ರಾವಣ ಬಿಡತೊಡಗಿದಳು. ಎಣ್ಣೆ ಕೆಟ್ಟಷ್ಟೂ ಅದರಲ್ಲಿ ಏಳುವ ಅಯೋಡಿನ್ ಬಣ್ಣ ಹೋಗಲು ಹೆಚ್ಚು ದ್ರಾವಣ ಬೇಕು. ಬರೀ ಎಣ್ಣೆಗೆ ಕೊಳವೆ ಖಾಲಿಯಾಗುತ್ತ ಬಂತು. ಹಣ್ಣಿಗೂ ಸುಮಾರು ಹಿಡಿಯಿತು. ಎಲೆಯ ಸರದಿ ಬಂದಾಗ ಅವಳು ಕೊಳವೆಯ ತಿರುಪನ್ನು ಮೆಲ್ಲಗೆ ತಿರುಗಿಸಿದಳು. ಕೆಲವೇ ಹನಿ ಬಿದ್ದವು, ಬಣ್ಣ ಮಾಯವಾಯಿತು.

ರೇವಣಸಿದ್ದಪ್ಪ ಲೆಕ್ಕ ಬರೆದುಕೊಂಡು ಮಹಡಿ ಹತ್ತಿದರು. ಮೇಲಿನಿಂದ ಮಾಲೀಕರ ಗದರಿಕೆ ಕೇಳಿಸಿತು, ಆಮೇಲೆ ಇವರ ದನಿಯೂ ಏರಿತು. ವಿಮಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತೇ ಇದ್ದಳು.

ಇಳಿದು ಬಂದವರ ಕಿವಿ ಕೆಂಪಾಗಿತ್ತು. "ಎಲೆ ಕೆಲಸ ಮುಗಿಯೋವರೆಗೂ ನೀವೇ ಇರ್ತೀರಿ. ಆಮೇಲಿಂದು ನನ್ನ ಕೈಲಿಲ್ಲ ಕಣಮ್ಮ. ಮೂಸೋದು ಇನ್ಮೇಲೆ ನಾನೇ ಮಾಡ್ತೀನಿ."

ವಿಮಲಮ್ಮನಿಗೆ ಆಗ ಅಳು ಬಂತು.