ಆಕಾಶ ಅಳೆಯುವ ವರ

"ಕೂತ್ಕೊಳ್ಳಿ," ಎಂದರು ಹುಡುಗಿಯ ಅಪ್ಪ ವುಬಿಶೆತ್, ಎರಡನೆಯ ಸಲ.

"ಕ್ಷಮಿಸಬೇಕು ಯಜಮಾನರೇ. ಬಂದ ಕೆಲಸ ಆಗೋವರೆಗೂ ಕೂರೋ ಹಾಗಿಲ್ಲ," ಎಂದು ಬೆಲಾಚೆವ್ ಬಾಗಿಲ ಪಕ್ಕದಲ್ಲೇ ನಿಂತರು.

ಹೆಣ್ಣು ಕೇಳಲು ಬಂದ ಹಿರಿಯರು ಹುಡುಗಿಯ ಅಪ್ಪ ಹೂಂ ಅನ್ನುವವರೆಗೆ ಕೂರಬಾರದು, ನೀರನ್ನೂ ಮುಟ್ಟಬಾರದು. ಪದ್ಧತಿ ಪದ್ಧತಿಯೇ. ಅದನ್ನು ಮಾಡಿದ ಪುಣ್ಯಾತ್ಮರಿಗೆ ಮಂಡಿನೋವು ಇದ್ದಿರಲಾರದು. ಬೆಲಾಚೆವ್‌ಗೆ ಎರಡೂ ಮಂಡಿಯಲ್ಲಿತ್ತು. ಅವರ ಎಡಕ್ಕೆ ನಿಂತಿದ್ದ ತಿಲಾಹುನ್, ಜೀವಮಾನವೆಲ್ಲ ಲಾರಿ ಓಡಿಸಿದವರು, ಮೆಲ್ಲಗೆ ಗೋಡೆಗೆ ಒರಗಿಬಿಟ್ಟಿದ್ದರು. ಬಲಕ್ಕಿದ್ದ ಪಾದ್ರಿ ಅಬ್ಬಾ ಗೆರಿಮಾ ತಮ್ಮ ಕೋಲಿನ ಮೇಲೆ ಗದ್ದ ಊರಿ, ಗಂಟೆಗಟ್ಟಲೆ ಪ್ರಾರ್ಥನೆಗೆ ನಿಂತು ಅಭ್ಯಾಸವಾದವರ ಹಾಗೆ ನಿರಾಳವಾಗಿದ್ದರು. ಅವರನ್ನು ಕಂಡರೆ ಬೆಲಾಚೆವ್‌ಗೆ ಹೊಟ್ಟೆಕಿಚ್ಚಾಯಿತು.

ಹೆಣ್ಣು ಕೇಳಲು ಹೋಗಿ ಬೆಲಾಚೆವ್ ಬರಿಗೈಯಲ್ಲಿ ಬಂದದ್ದು ಇಲ್ಲವೇ ಇಲ್ಲ. ಅಡಿಸ್ ಅಬಾಬಾದ ಅವರ ಬೀದಿಯಲ್ಲಿ ಮಗನ ಮದುವೆ ಅಂದರೆ ಮೊದಲು ಅವರ ಮನೆಗೇ ಬರುತ್ತಿದ್ದರು. ಹುಡುಗ ಕುಡುಕನಾದರೆ "ನಾಲ್ಕು ಜನರ ಜೊತೆ ಬೆರೆಯುವವನು" ಅನ್ನುವರು. ಸೋಮಾರಿಯಾದರೆ "ದುಡುಕುವ ಸ್ವಭಾವ ಅಲ್ಲವೇ ಅಲ್ಲ" ಅನ್ನುವರು. ಅದು ಸುಳ್ಳಲ್ಲ, ಬರೀ ಸ್ವಲ್ಪ ಎಣ್ಣೆ ಹಚ್ಚುವುದು ಎಂದು ಅವರ ವಾದ.

ಆದರೆ ಈ ಸಲದ ವರ ಸುರಾಫೆಲ್‌ನದು ಬೇರೆಯೇ ಪೀಕಲಾಟ. ಪಕ್ಕದ ಮನೆಯ ಹುಡುಗ, ಕಣ್ಣೆದುರೇ ಬೆಳೆದವನು. ಕುಡಿತವಿಲ್ಲ, ಜಗಳವಿಲ್ಲ, ಎಣ್ಣೆ ಹಚ್ಚುವುದಕ್ಕೆ ಒಂದು ದುರ್ಗುಣವೂ ಸಿಗದು. ತೊಂದರೆ ಇದ್ದದ್ದು ಅವನ ಕೆಲಸದಲ್ಲಿ. ಊರಾಚೆ ಬೆಟ್ಟದ ಮೇಲಿನ ದೊಡ್ಡ ದೂರದರ್ಶಕದಲ್ಲಿ ನಕ್ಷತ್ರಗಳನ್ನು ನೋಡುತ್ತಿದ್ದ. "ಭೂಮಿ ಬಿಟ್ಟು ಬೇರೆಲ್ಲಾದರೂ ಜೀವ ಇರಬಹುದಾ ಅಂತ ಹುಡುಕ್ತೀವಿ ಮಾವ," ಅಂದಿದ್ದ. ತಮಾಷೆ ಮಾಡುತ್ತಿದ್ದಾನೇನೋ ಎಂಬ ಆಸೆಯಿಂದ ಬೆಲಾಚೆವ್ ಅವನ ಮುಖವನ್ನೇ ನೋಡಿದ್ದರು. ಹುಡುಗ ನಗಲಿಲ್ಲ.

ವುಬಿಶೆತ್ ಈಗಾಗಲೇ ಇಬ್ಬರು ಗಂಡುಗಳ ಕಡೆಯವರನ್ನು ನಿಂತ ಕಾಲಲ್ಲೇ ವಾಪಸು ಕಳಿಸಿದ್ದರು. ಈ ಹುಡುಗಿ ಸಿಗದಿದ್ದರೆ ಸುರಾಫೆಲ್ ಜನ್ಮದಲ್ಲಿ ಮದುವೆಯಾಗುವುದಿಲ್ಲವಂತೆ. ಅವನ ತಾಯಿ ಬೆಲಾಚೆವ್‌ರ ಅಂಗಳದಲ್ಲಿ ಕೂತು ಅತ್ತಿದ್ದಳು. ಹಾಗಾಗಿ ಬಸ್ಸಿನಲ್ಲಿ ಯೋಚನೆ ಮಾಡಿ ಮಾಡಿ ಬೆಲಾಚೆವ್ ಒಂದು ಮಾತು ಹೊಂದಿಸಿಕೊಂಡಿದ್ದರು. ಹುಡುಗಿಯ ಅಪ್ಪ ಜಮೀನು ವ್ಯಾಜ್ಯಗಳ ನ್ಯಾಯಾಧೀಶರಾಗಿ ನಿವೃತ್ತರಾದವರು ಎಂಬುದು ಅವರ ಊರು ದೆಬ್ರೆ ಬಿರ್ಹಾನಿನಲ್ಲಿ ಬಸ್ಸಿಳಿದ ಮೇಲಷ್ಟೇ ಗೊತ್ತಾಯಿತು. ಅಷ್ಟರಲ್ಲಿ ಬೇರೆ ಮಾತು ಹೊಂದಿಸಲು ಸಮಯವಿರಲಿಲ್ಲ.

"ಹುಡುಗನ ಕೆಲಸ ಏನು?" ಎಂದು ಕೇಳಿದರು ವುಬಿಶೆತ್.

"ಸರ್ಕಾರಿ ಕೆಲಸ ಯಜಮಾನರೇ. ಜಾಗ ನೋಡೋದು. ಎಲ್ಲಿ ಜನ ಬದುಕಬಹುದು, ನೀರಿದೆಯೋ ಇಲ್ವೋ, ಬಿಸಿಲು ಎಷ್ಟು, ಚಳಿ ಎಷ್ಟು, ಎಲ್ಲ ಲೆಕ್ಕ ಹಾಕ್ತಾನೆ." ಇದರಲ್ಲಿ ಒಂದು ಪದವೂ ಸುಳ್ಳಿಲ್ಲವಲ್ಲ ಎಂದು ಬೆಲಾಚೆವ್ ಒಳಗೊಳಗೇ ಬೀಗಿದರು.

ವುಬಿಶೆತ್ ಹೊದ್ದಿದ್ದ ದಪ್ಪ ಗಬಿ ಶಾಲನ್ನು ಹೆಗಲಿಗೆ ಎಳೆದುಕೊಂಡು ಮುಂದಕ್ಕೆ ಬಾಗಿದರು. "ಓಹೋ, ಸರ್ವೆಯವನು. ಯಾವ ಸೀಮೆ?"

"ದೂರದ್ದು."

"ದಕ್ಷಿಣದಲ್ಲಿ, ಬಾಲೆ ಪ್ರಾಂತ್ಯದ ಕಡೆಯಾ?"

"ಇನ್ನೂ ಆಚೆ."

"ಬೊರೆನಾ?"

"ಅದಕ್ಕಿಂತ ಸ್ವಲ್ಪ ಆಚೆ."

"ಅದರಾಚೆ ಕೀನ್ಯಾ ಕಣ್ರೀ. ಕೀನ್ಯಾದವರ ಜಮೀನು ನಮ್ಮ ಸರ್ಕಾರಕ್ಕೆ ಯಾಕೆ?"

ಬೆಲಾಚೆವ್ ಬೆವರಿದರು. ದೆಬ್ರೆ ಬಿರ್ಹಾನಿನ ಚಳಿಯಲ್ಲಿ ಬೆವರುವುದೂ ಒಂದು ಸಾಧನೆಯೇ. ಆಗ ಅಬ್ಬಾ ಗೆರಿಮಾ ಕೋಲಿನಿಂದ ಗದ್ದ ಎತ್ತಿದರು. ಈ ಪಾದ್ರಿಗೆ ಮಾತಿಗೆ ಎಣ್ಣೆ ಹಚ್ಚಲು ಬಾರದು.

"ಯಜಮಾನರೇ, ಆ ಜಾಗ ಮೇಲಿದೆ."

"ಮೇಲೆ ಅಂದ್ರೆ? ಉತ್ತರಕ್ಕೆ, ಗೊಂಡರ್ ಕಡೆಯಾ?"

"ಆಕಾಶದಲ್ಲಿ."

ವುಬಿಶೆತ್ ತಲೆಯೆತ್ತಿ ಸೂರು ನೋಡಿದರು. ತಿಲಾಹುನ್ ಕೂಡ ನೋಡಿದರು. ಒಳಕೋಣೆಯ ಪರದೆಯ ಆಚೆ ಕಾಫಿ ಬೀಜ ಹುರಿಯುವ ಸದ್ದು ನಿಂತಿತು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲವಾಗಿ ಬೆಲಾಚೆವ್ ಇದ್ದದ್ದನ್ನೆಲ್ಲ ಹೇಳಿಬಿಟ್ಟರು. ದೂರದ ನಕ್ಷತ್ರದ ಮುಂದೆ ಅದರದೇ ಒಂದು ಭೂಮಿ ಹಾದುಹೋದರೆ ಬೆಳಕು ಒಂದು ಚೂರು ಮಂಕಾಗುತ್ತದಂತೆ. ಹುಡುಗ ಆ ಮಂಕನ್ನು ಕಾಯುತ್ತಾನಂತೆ. ಅಂಥ ಭೂಮಿಯಲ್ಲಿ ನೀರಿರಬಹುದು, ನೀರಿದ್ದರೆ ಜೀವವೂ ಇರಬಹುದಂತೆ.

"ಎಷ್ಟು ವರ್ಷದಿಂದ ಹುಡುಕ್ತಿದ್ದಾನೆ?"

"ಆರು."

"ಜೀವ ಸಿಕ್ತಾ?"

"ಇನ್ನೂ ಇಲ್ಲ."

"ಆದ್ರೂ ಸಂಬಳ ಕೊಡ್ತಾರೆ?"

"ಕೊಡ್ತಾರೆ."

"ನನ್ನ ಕೋರ್ಟಿನ ಜವಾನ ಆರು ವರ್ಷ ಒಂದು ಕಡತ ಹುಡುಕಿ ಸಿಗಲಿಲ್ಲ ಅಂದಿದ್ರೆ ಅವನ ಚರ್ಮ ಸುಲೀತಿದ್ದೆ."

"ಹುಡುಗ ಬಹಳ ಸಂಭಾವಿತ," ಎಂದು ಬೆಲಾಚೆವ್ ಹಳೆಯ ದಾರಿ ಹಿಡಿದರು. "ನಿಮ್ಮ ಮಗಳನ್ನ ಇವತ್ತಿನವರೆಗೂ ಕಣ್ಣೆತ್ತಿ ನೋಡಿಲ್ಲ."

"ಹೇಗೆ ನೋಡ್ತಾನೆ? ಕಣ್ಣು ಯಾವಾಗಲೂ ಮೇಲೇ ಇರುತ್ತಲ್ಲ."

ತಿಲಾಹುನ್ ನಕ್ಕುಬಿಟ್ಟರು. ಬೆಲಾಚೆವ್ ಮೊಣಕೈಯಿಂದ ತಿವಿದರು. ಆದರೆ ವುಬಿಶೆತ್‌ರ ಮುಖದಲ್ಲಿ ನಗುವಿರಲಿಲ್ಲ.

"ಸರಿ, ಸಿಕ್ತು ಅಂತಲೇ ಇಟ್ಕೊಳ್ಳಿ. ಅಲ್ಲಿ ಜನವೂ ಇದ್ದಾರೆ ಅನ್ನಿ. ಆಮೇಲೇನು?"

ಇದನ್ನು ಯಾರೂ ಯೋಚಿಸಿರಲಿಲ್ಲ. ಅವರಿಗೂ ದೀಕ್ಷಾಸ್ನಾನ ಆಗಬೇಕಾಗುತ್ತದೆ, ಆದರೆ ಅಲ್ಲಿ ಉಪವಾಸದ ದಿನಗಳನ್ನು ಯಾವ ಸೂರ್ಯನ ಲೆಕ್ಕದಲ್ಲಿ ಹಿಡಿಯುವುದು ಎಂಬ ಪ್ರಶ್ನೆ ಇದೆ ಎಂದರು ಅಬ್ಬಾ ಗೆರಿಮಾ. ಮೊದಲು ರಸ್ತೆ ಆಗಲಿ ಎಂದರು ತಿಲಾಹುನ್.

"ನಾನು ಹೇಳ್ತೀನಿ ಕೇಳಿ," ಎಂದರು ವುಬಿಶೆತ್. "ಮೂವತ್ತು ವರ್ಷ ಜಮೀನಿನ ಜಗಳ ಕೇಳಿದೀನಿ. ಒಂದು ಸಾಲು ಬಾರ್ಲಿಗೆ ಅಣ್ಣ ತಮ್ಮನ ತಲೆ ಒಡೆದಿದ್ದಾನೆ. ಪ್ರತಿಯೊಬ್ಬನ ಬಾಯಲ್ಲೂ ಒಂದೇ ಮಾತು, ಮೊದಲು ಕಂಡೋನು ನಾನು. ನಿಮ್ಮ ಹುಡುಗನೂ ಅದನ್ನೇ ಹೇಳೋಕೆ ಮೇಲೆ ನೋಡ್ತಾ ಕೂತಿರೋದು. ಅಂಥವನ ಮನೆಗೆ ಮಗಳನ್ನ ಕಳಿಸಲ್ಲ. ಬಂದದ್ದು ಸಂತೋಷ, ಹೋಗಿ ಬನ್ನಿ."

ಬೆಲಾಚೆವ್‌ಗೆ ಹೊರಡಲು ಕಾಲು ಬರಲಿಲ್ಲ. ತಮ್ಮ ಹೆಸರು ಹಾಳಾಯಿತೆಂದು ಅಲ್ಲ, ಅಥವಾ ಅದೊಂದಕ್ಕೇ ಅಲ್ಲ. ಉತ್ತರಕ್ಕಾಗಿ ಬಸ್ ನಿಲ್ದಾಣದಲ್ಲಿ ಕಾಯುತ್ತಿರುವ ಆ ಹುಡುಗನಿಗೆ ಯಾವ ಬಾಯಲ್ಲಿ ಹೇಳುವುದು.

"ಹುಡುಗ ಅಂಥವನಲ್ಲ ಯಜಮಾನರೇ," ಎಂದರು. ಎಣ್ಣೆಯಿಲ್ಲದೆ ಬಂದ ಮಾತು ತೀರಾ ಬಡಕಲಾಗಿ ಕೇಳಿಸಿತು.

"ನಿಮಗೆ ಹೇಗೆ ಗೊತ್ತು? ಸಾಕ್ಷಿ ಇದೆಯಾ?"

"ಇದೆ," ಎಂದಿತು ಪರದೆಯ ಆಚೆಯ ದನಿ.

ಹುಡುಗಿ ಮಹ್ಲೆತ್ ಹೊರಗೆ ಬಂದಳು. ಕೈಯಲ್ಲಿ ಕಾಫಿ ಬೀಜದ ಬಾಣಲೆ ಇನ್ನೂ ಹೊಗೆಯಾಡುತ್ತಿತ್ತು. ಇಂಥ ಮಾತುಕತೆಯ ನಡುವೆ ಹುಡುಗಿ ಬಂದು ನಿಂತದ್ದನ್ನು ಬೆಲಾಚೆವ್ ಎಲ್ಲೂ ಕಂಡಿರಲಿಲ್ಲ.

"ಹೋದ ಜನವರಿಯಲ್ಲಿ ಅವನಿಗೆ ಒಂದು ಸಿಕ್ಕಿತ್ತು ಅಪ್ಪಾ. ನಕ್ಷತ್ರ ಮಂಕಾಗಿತ್ತು. ನೀರಿರಬಹುದಾದ ಭೂಮಿ ಅಂತ ಬೆಟ್ಟದಲ್ಲಿ ಎಲ್ಲರೂ ಕುಣಿದಾಡಿದ್ರಂತೆ. ಅದಕ್ಕೆ ಅವನ ಹೆಸರನ್ನೇ ಇಡೋಣ ಅಂದ್ರಂತೆ. ನನಗೆ ಫೋನ್ ಮಾಡಿ ಹೇಳಿದ."

"ಫೋನ್ ಮಾಡಿ," ಎಂದರು ವುಬಿಶೆತ್. ಕಣ್ಣೆತ್ತಿಯೂ ನೋಡಿಲ್ಲ ಎಂದಿದ್ದ ಬೆಲಾಚೆವ್ ನೆಲ ನೋಡಿದರು.

"ಮೂರು ದಿನ ಬಿಟ್ಟು ಮತ್ತೆ ಮಾಡಿದ. ದೂರದರ್ಶಕದ ಗಾಜಿನ ಮೇಲೆ ಇಬ್ಬನಿ ಕೂತಿತ್ತಂತೆ, ಮಂಕಾಗಿದ್ದು ಅದಕ್ಕೇ. ಅಲ್ಲಿ ಏನೂ ಇಲ್ಲ, ತಪ್ಪು ನಂದೇ, ಎಲ್ಲರಿಗೂ ಹೇಳಿ ಬಂದೆ ಅಂದ."

ವುಬಿಶೆತ್ ನೆಟ್ಟಗೆ ಕೂತರು. "ಯಾರಾದ್ರೂ ಅನುಮಾನ ಪಟ್ಟಿದ್ರಾ?"

"ಇಲ್ಲ."

"ಮತ್ತೆ ನೋಡು ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ. ತಾನೇ ನೋಡಿದ."

"ಸುಮ್ಮನೆ ಇದ್ದಿದ್ರೆ?"

"ಇನ್ನೂ ನಾಲ್ಕೈದು ವರ್ಷ ಯಾರಿಗೂ ಗೊತ್ತಾಗ್ತಿರಲಿಲ್ಲವಂತೆ."

"ಅದಕ್ಕೆ ನೀನೇನಂದೆ?"

ಮಹ್ಲೆತ್ ಬಾಣಲೆಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಮದುವೆ ಆಗ್ತೀನಿ ಅಂದೆ."

ಅಬ್ಬಾ ಗೆರಿಮಾ ಶಿಲುಬೆಯ ಗುರುತು ಹಾಕಿಕೊಂಡರು. ತಿಲಾಹುನ್ ಗೋಡೆ ಬಿಟ್ಟು ನೆಟ್ಟಗೆ ನಿಂತರು. ಬೆಲಾಚೆವ್ ಹೊರಡಲೆಂದು ಇನ್ನೇನು ಚಪ್ಪಲಿ ಹುಡುಕುವವರಿದ್ದರು.

ವುಬಿಶೆತ್ ತಮ್ಮಷ್ಟಕ್ಕೆ ಎನ್ನುವಂತೆ ಹೇಳಿದರು: "ಅಷ್ಟು ವರ್ಷ ಕೋರ್ಟಿಗೆ ಬಂದವರೆಲ್ಲ ನಂದು ನಂದು ಅಂತಲೇ ಬಂದ್ರು. ಗೆದ್ದ ಮೇಲೆ ವಾಪಸು ಬಂದು, ಸ್ವಾಮಿ, ಅದು ನಂದಲ್ಲ, ನಾನು ತಪ್ಪು ನೋಡಿದ್ದೆ ಅಂದೋನು ಒಬ್ಬ ಇಲ್ಲ. ಬರ್ತಾನೇನೋ ಅಂತ ಕಾದೆ. ಒಬ್ಬನೂ ಬರಲಿಲ್ಲ." ಅವರು ಎದುರಿನ ಪೀಠಗಳತ್ತ ಕೈ ತೋರಿಸಿದರು. "ಕೂತ್ಕೊಳ್ಳಿ."

"ಅಂದ್ರೆ... ಒಪ್ಪಿಗೆಯಾ ಯಜಮಾನರೇ?"

"ಇನ್ನೇನು, ತೀರ್ಪು ಬರೆದು ಮೊಹರು ಒತ್ತಿ ಕೊಡಬೇಕಾ?"

ಮೂವರೂ ಕೂತರು. ಬೆಲಾಚೆವ್‌ಗೆ ಖುಷಿಯಲ್ಲಿ ಕಣ್ಣು ತುಂಬಿ ಎದುರಿನ ಗೋಡೆ ಕಾಣಲಿಲ್ಲ. ಗಂಡಿನ ಪರವಾಗಿ ಏನಾದರೂ ಹೇಳೋಣವೆಂದು ಬಾಯಿ ತೆರೆದವರು, ಯಾಕೋ ಬೇಡವೆನಿಸಿ ಮುಚ್ಚಿದರು.

ದೋಸೆಯಂಥ ಇಂಜೆರಾದ ತಟ್ಟೆ ಬಂತು. ಹಿರಿಯರ ಕೈಗೆ ನೀರು ಹಾಕಲು ಮಹ್ಲೆತ್ ಹೂಜಿ, ಬೋಗುಣಿ ತಂದಳು. ವುಬಿಶೆತ್ ಎದ್ದು ಹೂಜಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಬೆಲಾಚೆವ್‌ರ ಮುಂದೆ ಬಾಗಿ ತಾವೇ ನೀರು ಹಾಕತೊಡಗಿದರು. ಅವರ ಕಣ್ಣು ಹೂಜಿಯ ಮೇಲಿರಲಿಲ್ಲ, ಮಗಳ ಮೇಲಿತ್ತು. ನೀರು ಬೋಗುಣಿ ದಾಟಿ ನೆಲಕ್ಕೆ ಹರಿಯಿತು. ಮಗಳು ಬೋಗುಣಿಯನ್ನು ಅತ್ತ ಸರಿಸಿದಳು. ನೀರು ಇತ್ತ ಬಿತ್ತು. ಅವಳು ಮತ್ತೆ ಸರಿಸಿದಳು.