ಚೌಕಾಸಿಗೆ ಬಂದವಳು

ಹಳೆಯ ಗಿಟಾರ್ ಆಂಪ್ಲಿಫೈಯರ್ ಕೊಳ್ಳಲು ಹೊರಟ ಕನ್ನಡಕದಂಗಡಿಯವನು ಹೆಂಡತಿಯನ್ನು ಕರೆದುಕೊಂಡು ಬಂದದ್ದು ಚೌಕಾಸಿಗೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ಅವಳಂತೂ ಸಾಮಾನು ನೋಡುವ ಮೊದಲೇ ಅದರ ಕುಂದು ಹುಡುಕಿಟ್ಟುಕೊಳ್ಳುವವಳು. "ನೀವು ಮಾತ್ರ ಹಲ್ಲು ಕಿಸಿದು ಆಸೆ ತೋರಿಸ್ಬೇಡಿ" ಎಂದು ದಾರಿಯಲ್ಲೇ ಎಚ್ಚರಿಸಿದ್ದಳು.

ಮಾರುವವನ ಮನೆಯಲ್ಲಿ ಆ ಪೆಟ್ಟಿಗೆ ಕಂಡದ್ದೇ, "ಇದಾ? ನಮ್ಮ ವಾಷಿಂಗ್ ಮೆಷಿನ್ನೇ ಇದಕ್ಕಿಂತ ಲಕ್ಷಣವಾಗಿದೆ" ಎಂದಳು.

ಮಾರುವ ಮುದುಕ ನಕ್ಕ. ಒಂದು ಕಾಲದಲ್ಲಿ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸಿದವನು. ಈಗ ಮಗಳ ಚಿಕ್ಕ ಮನೆಗೆ ಹೋಗಿ ಇರಬೇಕಾಗಿ ಬಂದಿತ್ತು, ಅಲ್ಲಿ ಇದಕ್ಕೆ ಜಾಗವಿರಲಿಲ್ಲ. ಪೆಟ್ಟಿಗೆಯ ಮೂಲೆಗಳು ಸವೆದಿದ್ದವು, ಮುಂದಿನ ಬಟ್ಟೆ ಮಾಸಿತ್ತು. ಸ್ವಿಚ್ ಹಾಕಿದರೆ ಸದ್ದೇ ಇಲ್ಲ.

"ಕೆಟ್ಟಿದೆ ನೋಡಿ" ಎಂದಳು, ಅರ್ಧ ಗೆದ್ದವಳ ಹಾಗೆ.

"ತಾಳಿ ತಾಯಿ, ವಾಲ್ವು ಬಿಸಿಯಾಗ್ಬೇಕು."

ಹಿಂದಿನಿಂದ ಇಣುಕಿದರೆ ಬಲ್ಬಿನಂಥ ಗಾಜಿನ ವಾಲ್ವುಗಳೊಳಗೆ ಕೆಂಪು ಬೆಳಕು ಮೆಲ್ಲಗೆ ಹತ್ತುತ್ತಿತ್ತು. ಹೊಸ ಮೆಷಿನ್ನುಗಳೆಲ್ಲ ನಕಲು ಮಾಡುವ ದನಿಯ ಅಸಲು ಇಲ್ಲಿತ್ತು. ಕನ್ನಡಕದವನು ಆಸೆ ನುಂಗಿಕೊಂಡು ಪೆಟ್ಟಿಗೆಯ ಹಿಂದೆ ಮುಂದೆ ತಡಕಾಡಿದ.

"ಯಜಮಾನ್ರೆ, ಹೆಡ್‌ಫೋನ್ ಎಲ್ಲಿ ಸಿಕ್ಕಿಸೋದು?"

"ಎಲ್ಲೂ ಇಲ್ಲ. ಇದು ನಾಲ್ಕು ಜನಕ್ಕೆ ಕೇಳ್ಲಿ ಅಂತ ಮಾಡಿದ್ದು."

ಕನ್ನಡಕದವನು ಪೆಟ್ಟಿಗೆಯಿಂದ ಕೈ ತೆಗೆದ. ಎಷ್ಟೋ ವರ್ಷಗಳಿಂದ ಅವನು ನುಡಿಸಿದ್ದನ್ನು ಯಾರೂ ಕೇಳಿರಲಿಲ್ಲ. ದಿನಾ ಊಟವಾದ ಮೇಲೆ ಹೆಡ್‌ಫೋನಿನಿಂದ ಕಿವಿ ಮುಚ್ಚಿಕೊಂಡು ಗಿಟಾರ್ ಹಿಡಿದು ಕೂರುತ್ತಿದ್ದ. ಹೆಂಡತಿಗೆ ಕೇಳುತ್ತಿದ್ದುದು ತಂತಿಯ ಕಿಚಕಿಚ ಮಾತ್ರ. "ನಮ್ಮನೆಯವರು ಇಲಿ ಸಾಕಿದಾರೆ" ಎಂದು ನೆಂಟರನ್ನು ನಗಿಸುತ್ತಿದ್ದಳು. ಈಗ ಅವಳ ಮುಂದೆ ನುಡಿಸಿ, ಅವಳು ಮೂಗು ಮುರಿದರೆ? ಇನ್ನು ಜನ್ಮದಲ್ಲಿ ಗಿಟಾರ್ ಮುಟ್ಟಲಾರೆ ಎನ್ನಿಸಿತು. ಆದರೆ ನುಡಿಸಿ ನೋಡದೆ ಆಂಪ್ಲಿಫೈಯರ್ ಕೊಳ್ಳುವುದು ಕಣ್ಣು ಪರೀಕ್ಷೆ ಮಾಡಿಸದೆ ಕನ್ನಡಕ ಕೊಂಡಂತೆ. ಕಣ್ಣು ಪರೀಕ್ಷೆಯ ಮಾತನ್ನು ಗಿರಾಕಿಗಳಿಗೆ ದಿನಾ ಹೇಳುವವನೇ ಅವನು. ಮುದುಕ ತನ್ನ ಗಿಟಾರನ್ನೇ ಕೈಗಿತ್ತ.

ಹೆಂಡತಿಗೆ ಬೆನ್ನು ಹಾಕಿ ಕುಳಿತು ಶುರುಮಾಡಿದ. ಮೊದಲ ಸ್ವರಗಳು ನಡುಗಿದವು. ಆಮೇಲೆ ಬೆರಳುಗಳು ತಮ್ಮ ದಾರಿ ಹಿಡಿದವು. ದುಂಡಗಿನ, ತುಸು ಒರಟಾದ ದನಿ ಕೋಣೆ ತುಂಬಿತು. ಕಿಟಕಿಯ ಗಾಜು ಸಣ್ಣಗೆ ಅದುರಿತು. ಅವನೇ ಕಟ್ಟಿದ, ನಿಧಾನದ ಒಂದು ಧಾಟಿ. ಮುಗಿಸುವಷ್ಟರಲ್ಲಿ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

ತಿರುಗಿ ನೋಡಿದ. ಅಂಥ ಮಾತುಗಾರ್ತಿ ಬೆಲೆಯನ್ನೂ ಮರೆತು ನಿಂತಿದ್ದಳು. ಕಣ್ಣು ತುಂಬಿತ್ತು, ಜೊತೆಗೆ ಕೋಪವೂ ಇತ್ತು.

"ಇಷ್ಟು ವರ್ಷ ಇದನ್ನ ನೀವೊಬ್ರೇ ಕೇಳ್ತಿದ್ರಾ?"

"ನೀನೇ ಅಲ್ವಾ... ಮದುವೆಯಾದ ಹೊಸದ್ರಲ್ಲಿ ಒಂದಿನ, ತಲೆ ಸಿಡೀತಿದೆ, ನಿಲ್ಸಿ ಅಂದಿದ್ದು?"

ಅವಳಿಗೆ ಅದು ನೆನಪೇ ಇರಲಿಲ್ಲ. ಒಂದು ಸಲ ಮುದುಕನನ್ನು ನೋಡಿದಳು, ಒಂದು ಸಲ ಗೋಡೆಯನ್ನು.

"ತಲೆನೋವು ಬೆಳಗಾಗೋದ್ರೊಳಗೆ ಹೋಗಿರುತ್ತಲ್ರೀ" ಎಂದಳು. "ಎದ್ದ ಮೇಲೆ ಒಂದು ಮಾತು ಕೇಳ್ಬಾರದಿತ್ತಾ?"

ಅವಳು ಕುರ್ಚಿ ಎಳೆದುಕೊಂಡು ಗಂಡನ ಎದುರಿಗೇ ಕುಳಿತಳು.